ಒಂದೇ ಕ್ಲಿಕ್ ಅಂದಿದ್ದರು

ಸರ್ಕಾರದ ಹೊಸ ಪೋರ್ಟಲ್ ಉದ್ಘಾಟನೆ ಆಯ್ತಲ್ಲ, ಅದೇ. ಪ್ರದೇಶವಾರು ಆರ್ಥಿಕ ಅಂಕಿಅಂಶ ಪೂರ್ತಿ ‘ಒಂದೇ ಕ್ಲಿಕ್‌ನಲ್ಲಿ’ ಅಂದಿದ್ದರು. ನಾನು ಎಣಿಸಿದೆ. 17.

ನನಗೆ ಬೇಕಿದ್ದದ್ದು ಒಂದೇ ಸಂಖ್ಯೆ. ಒಂದು ಜಿಲ್ಲೆಯ ಕಾರ್ಖಾನೆಗಳಲ್ಲಿ ಎಷ್ಟು ಜನ ದುಡಿಯುತ್ತಾರೆ ಅಂತ. ಮೊದಲು ಲಾಗಿನ್. ಆಮೇಲೆ ಒಟಿಪಿ. ಆಮೇಲೆ ‘ನೀವು ರೋಬಾಟ್ ಅಲ್ಲ ಎಂದು ಸಾಬೀತುಪಡಿಸಿ’. ಅಲ್ಲ ಸ್ವಾಮಿ, ಲಕ್ಷಗಟ್ಟಲೆ ಸಾಲು ಅಂಕಿ ಓದಬೇಕಾದ್ದೇ ಕಂಪ್ಯೂಟರ್. ಅದಕ್ಕೇ ಪ್ರವೇಶವಿಲ್ಲ!

ಒಳಗೆ ಹೋದರೆ ನಕ್ಷೆ. ಅದ್ಭುತ ನಕ್ಷೆ. ಮೌಸ್ ಇಟ್ಟರೆ ಜಿಲ್ಲೆ ಉಬ್ಬುತ್ತೆ, ಬಣ್ಣ ಬದಲಾಗುತ್ತೆ, ಸಂಖ್ಯೆ ಇಣುಕುತ್ತೆ. ಮೌಸ್ ಸರಿಸಿದರೆ ಮಾಯ. ಕಾಪಿ ಮಾಡೋಕಾಗಲ್ಲ. ಡೌನ್‌ಲೋಡ್ ಒತ್ತಿದೆ. ಬಂದದ್ದು ಸ್ಕ್ಯಾನ್ ಮಾಡಿದ ಪಿಡಿಎಫ್, ಸ್ವಲ್ಪ ಓರೆಯಾಗಿ. ಯಾರೋ ಎಕ್ಸೆಲ್‌ನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಸೀಲ್ ಒತ್ತಿ, ಮತ್ತೆ ಕಂಪ್ಯೂಟರ್‌ಗೆ ಸೇರಿಸಿದ್ದಾರೆ. ಸೀಲ್ ಸರಿಯಾಗಿ ಮೊತ್ತದ ಮೇಲೇ ಕೂತಿದೆ. 3 ಇರಬಹುದು, 8 ಇರಬಹುದು. ಆರ್ಥಿಕತೆ ಅಂದಮೇಲೆ ಏರಿಳಿತ ಇದ್ದದ್ದೇ, ಅಲ್ವಾ?

ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಮುಕ್ತ ದತ್ತಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಅಂಕಿಅಂಶಕ್ಕೆ, 5 ಸ್ಟಾರ್‌ಗಳ ಲೆಕ್ಕ ಕೊಟ್ಟಿದ್ದಾರೆ. ಮುಕ್ತ ಲೈಸೆನ್ಸ್ ಇದ್ದರೆ ಸ್ಕ್ಯಾನ್ ಚಿತ್ರಕ್ಕೂ 1 ಸ್ಟಾರ್. ಎಕ್ಸೆಲ್‌ಗೆ 2, ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಸಾದಾ ಪಟ್ಟಿ ಸಿಎಸ್‌ವಿಗೆ 3. ಪುಣ್ಯಾತ್ಮ, ಆ ಒಂದು ಸ್ಟಾರ್ ಕೊಟ್ಟು ಇವರನ್ನೆಲ್ಲ ಪಾಸ್ ಮಾಡಿಬಿಟ್ಟರು.

ಹಾಗಂತ ಎಕ್ಸೆಲ್ ಏನು ಸಾಧುಪ್ರಾಣಿಯಲ್ಲ. ಅದಕ್ಕೆ ಎಲ್ಲದರಲ್ಲೂ ತಾರೀಖು ಕಾಣುತ್ತೆ. ‘ಮಾರ್ಚ್1’ ಅಂತ ಒಂದು ಜೀನ್ ಇತ್ತು. ಎಕ್ಸೆಲ್ ಅದನ್ನು ಮಾರ್ಚ್ ಒಂದನೇ ತಾರೀಖು ಮಾಡಿ ಮಾಡಿ ಸಾಕಾಗಿ, ವಿಜ್ಞಾನಿಗಳು ಕೊನೆಗೆ ಜೀನಿನ ಹೆಸರನ್ನೇ ಬದಲಿಸಿದರು. ಮನುಷ್ಯನ ಜೀನ್ ತಗ್ಗಿತು, ಎಕ್ಸೆಲ್ ಆಗ ತಗ್ಗಲಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣ ಲೆಕ್ಕದಿಂದ ಬಿಟ್ಟುಹೋದವು. ಕಾರಣ? ಹಳೇ ಎಕ್ಸೆಲ್ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯಲ್ಲ.

ಪ್ರದೇಶದ ಕೋಡ್ 07 ಅಂತಿದ್ದರೆ ಮೊದಲ ಸೊನ್ನೆ ನುಂಗಿ 7 ಮಾಡುವುದೂ ಇದೇ ಮಹಾಶಯ. ಆಮೇಲೆ ಎರಡು ಪಟ್ಟಿ ಒಂದಕ್ಕೊಂದು ಜೋಡಿಸೋಕೆ ಹೋದರೆ 07ಕ್ಕೂ 7ಕ್ಕೂ ತಾಳೆಯಾಗಲ್ಲ, ಅರ್ಧಕ್ಕರ್ಧ ಜಿಲ್ಲೆಗಳು ನಾಪತ್ತೆ.

ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ 1991ರಲ್ಲೇ ‘ಫ್ರೆಡ್’ ಅನ್ನೋ ಆರ್ಥಿಕ ಅಂಕಿಅಂಶ ಸೇವೆ ಶುರು ಮಾಡಿತ್ತು. ಮೋಡೆಮ್‌ನಿಂದ ಫೋನ್ ಹಚ್ಚಿದರೆ ಅಂಕಿ ಸಿಗುತ್ತಿತ್ತು. ನಕ್ಷೆ ಇಲ್ಲ, ಉಬ್ಬುವ ಜಿಲ್ಲೆ ಇಲ್ಲ. ಅಂಕಿ ಇತ್ತು, ಅಷ್ಟೇ. ಅಷ್ಟೇ ಸಾಕು ಕಣ್ರೀ. ಜನರ ದುಡ್ಡಲ್ಲಿ, ಜನರ ಮನೆಬಾಗಿಲಿಗೆ ಹೋಗಿ ಬರೆದುಕೊಂಡ ಲೆಕ್ಕ ಇದು. ಅದನ್ನು ವಾಪಸ್ ಕೇಳಿದರೆ ಟ್ರಾಫಿಕ್ ಲೈಟ್ ಇರುವ ಚೌಕ ಆರಿಸು ಅಂತೀರಿ. ನಾಚಿಕೆ ಆಗಬೇಕು.

ಕೊನೆಗೆ ಫೋನ್ ಮಾಡಿದೆ. ಎತ್ತಿದವರು ಪಾಪ ಒಳ್ಳೆಯವರು. “ಅಯ್ಯೋ ಪೋರ್ಟಲ್ ಯಾಕ್ ನೋಡೋಕ್ ಹೋದ್ರಿ ಸಾರ್, ನಾವೇ ನೋಡಲ್ಲ. ವಾಟ್ಸಾಪ್ ನಂಬರ್ ಹೇಳಿ, ಎಕ್ಸೆಲ್ ಹಾಕ್ತೀನಿ.”

ಎರಡೇ ನಿಮಿಷದಲ್ಲಿ ಬಂತು. ಮೊದಲ ಕಾಲಂನಲ್ಲಿ ಜಿಲ್ಲೆಯ ಕೋಡ್: 7.