ತಾವುಲ್ ಚರ್ಚಿನಲ್ಲಿ ದಾಸೋಜನ ಹೆಸರು

ಊರಿಂದ ಬಂದಿದ್ದ ಅಮ್ಮನನ್ನು ಬಾರ್ಸಿಲೋನಾದಿಂದ ಬೊಯಿ ಕಣಿವೆಗೆ ಕರೆದುಕೊಂಡು ಹೋಗಿದ್ದೆ. ಪೈರೆನೀಸ್ ಬೆಟ್ಟಗಳ ನಡುವೆ ನೊಗೇರಾ ದೆ ತೋರ್ ಹೊಳೆ ಹರಿಯುವ ಕಣಿವೆ ಅದು. ಅಲ್ಲಿನ ಹಳೆಯ ಕಲ್ಲುಚರ್ಚುಗಳು 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ತಾವುಲ್ ಊರಿನ ಸಂತ ಕ್ಲಿಮೆಂತ್ ಚರ್ಚಿನ ಆರಂತಸ್ತಿನ ಗಂಟೆಗೋಪುರ ದೂರದಿಂದಲೇ ಕಾಣುತ್ತದೆ.

ಈ ಚರ್ಚಿನ ಪ್ರತಿಷ್ಠೆ ನಡೆದದ್ದು 1123ರ ಡಿಸೆಂಬರ್ 10ರಂದು, ಬಿಷಪ್ ರಾಮೋನ್ ಕೈಯಿಂದ. ಕಂಬವೊಂದರ ಮೇಲೆ ಬಣ್ಣದಲ್ಲಿ ಬರೆದ ಶಾಸನ ಹಾಗೆ ಹೇಳುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಬರೀ ಆರು ವರ್ಷದ ಅಂತರ ಎಂದಾಗ ಅಮ್ಮನಿಗೆ ಆ ಗೋಡೆಗಳು ಒಮ್ಮೆಲೇ ಹತ್ತಿರವಾದವು.

ಗರ್ಭಗುಡಿಯಂಥ ಕಮಾನಿನಲ್ಲಿದ್ದ ಕ್ರಿಸ್ತನ ಚಿತ್ರ ಈಗ ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ. ನೂರು ವರ್ಷದ ಹಿಂದೆ ಇಂಥ ಭಿತ್ತಿಚಿತ್ರಗಳನ್ನು ವ್ಯಾಪಾರಿಗಳು ಕೊಂಡು ಹೊರದೇಶಕ್ಕೆ ಸಾಗಿಸುತ್ತಿದ್ದರು. ಮೂರ್ ಎಂಬ ಊರಿನ ಚರ್ಚಿನ ಚಿತ್ರ ಹಾಗೇ ಬೋಸ್ಟನ್ ಸೇರಿತು. ಅದನ್ನು ತಡೆಯಲೆಂದೇ 1919ರಿಂದ 1923ರ ಒಳಗೆ ಉಳಿದ ಚರ್ಚುಗಳ ಚಿತ್ರಗಳನ್ನು ಅಂಟು ಹಚ್ಚಿದ ಬಟ್ಟೆಗೆ ಹತ್ತಿಸಿ, ಗೋಡೆಯಿಂದ ಸುಲಿದು ಇಳಿಸಿದರು. ಆ ಬರಿಗೋಡೆಯ ಮೇಲೆ 2013ರಿಂದ ಬೆಳಕಿನಲ್ಲಿ ಚಿತ್ರ ಮೂಡಿಸುತ್ತಾರೆ. ಕತ್ತಲಲ್ಲಿ ಕ್ರಿಸ್ತನ ಆ ದೊಡ್ಡ ಕಣ್ಣುಗಳು ಮೂಡಿದಾಗ ಅಮ್ಮ ಕೈಮುಗಿದಳು.

"ಯಾರು ಬರೆದಿದ್ದು ಇದನ್ನ?" ಎಂದಳು.

ಗೊತ್ತಿಲ್ಲ. ಪ್ರತಿಷ್ಠೆ ಮಾಡಿದವರ ಹೆಸರಿದೆ, ದಿನವಿದೆ. ಬರೆದವನನ್ನು ಮಾತ್ರ ವಿದ್ವಾಂಸರು 'ತಾವುಲ್‌ನ ಗುರು' ಎನ್ನುತ್ತಾರೆ, ಅಷ್ಟೆ. ಬೇಲೂರಲ್ಲಿ ಹಾಗಲ್ಲವಲ್ಲಮ್ಮ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೊರೆದಿದ್ದಾರೆ ಎಂದೆ. ಹಾಸನದಲ್ಲಿ ಹುಟ್ಟಿ ಬೆಳೆದು, ಬೇಲೂರಿನ ಚೆನ್ನಿಗರಾಯನ ತೇರಿಗೆ ಎಷ್ಟು ಸಲ ಹೋದಳೋ ಲೆಕ್ಕವಿಲ್ಲದ ನನ್ನಮ್ಮ ದಾಸೋಜನ ಹೆಸರನ್ನು ಮೊದಲು ಕೇಳಿದ್ದು ಈ ಚರ್ಚಿನ ಬೆಂಚಿನ ಮೇಲೆ.

ಅದು ನನ್ನನ್ನು ಇನ್ನೂ ಕೊರೆಯುತ್ತಿದೆ. ಇಲ್ಲಿಯವರು ಕಳೆದುಕೊಂಡದ್ದನ್ನು ಬೆಳಕಿನಲ್ಲಾದರೂ ಮರಳಿ ತರುತ್ತಾರೆ. ನಮ್ಮಲ್ಲಿ ಮದನಿಕೆಯರು ಇದ್ದಲ್ಲೇ ಇದ್ದಾರೆ, ಹೆಸರೂ ಇದೆ, ಅದೂ ಕನ್ನಡದಲ್ಲೇ. ನಾನು ಹೋದಾಗೆಲ್ಲ ಕೇಳಿದ್ದು ಕನ್ನಡಿ ಹಿಡಿದವಳ ಚೆಲುವಿನ ವರ್ಣನೆ ಮಾತ್ರ. ಆ ಅಕ್ಷರಗಳಿರುವುದು ಎತ್ತರದಲ್ಲಿ, ಲಿಪಿಯೂ ಹಳೆಯದು. ಅಮ್ಮನ ಕಣ್ಣಿಗೆ ನಿಲುಕುವ ಎತ್ತರದಲ್ಲಿ, ಇಂದಿನ ಲಿಪಿಯಲ್ಲಿ, ಒಬ್ಬೊಬ್ಬ ಶಿಲ್ಪಿಯ ಸಾಲನ್ನೂ ಬರೆದು ನಿಲ್ಲಿಸಲಿ. ಮುಂದಿನ ತೇರಿಗೆ ಅವಳೇ ಓದಲಿ.