ಮರಿಗಳ ಹಲ್ಲು ಹೇಳುವ ಮಾತು

ಅಲಾಸ್ಕದ ಕೋಲ್ವಿಲ್ ನದಿ ದಂಡೆಯ ಡೈನೋಸಾರ್‌ಗಳು ಚಳಿಗಾಲದಲ್ಲಿ ದಕ್ಷಿಣಕ್ಕೆ ವಲಸೆ ಹೋಗುತ್ತಿದ್ದವು ಎಂದು ನಾನು ಓದಿದ ಲೇಖನವೊಂದರಲ್ಲಿದೆ. 2021ರಲ್ಲಿ ಪ್ರಕಟವಾದ ಸಂಶೋಧನೆಯ ನಂತರ ಆ ವಾದ ನಿಲ್ಲುವುದು ಕಷ್ಟ. ಆ ದಂಡೆಯಲ್ಲಿ ಕಾಣುವ ಪ್ರಿನ್ಸ್ ಕ್ರೀಕ್ ಎಂಬ ಶಿಲಾಸ್ತರದ ಮಣ್ಣನ್ನು ಸಣ್ಣ ಜರಡಿಗಳಲ್ಲಿ ತೊಳೆದು, ಉಳಿದ ಮರಳನ್ನು ಸೂಕ್ಷ್ಮದರ್ಶಕದಡಿ ಕಾಳು ಕಾಳಾಗಿ ಆರಿಸಿದಾಗ ಸಿಕ್ಕಿದ್ದು ಆಗಷ್ಟೇ ಮೊಟ್ಟೆಯೊಡೆದ ಮರಿಗಳ ಹಲ್ಲುಗಳು, ಕೆಲವು ಒಂದೆರಡು ಮಿಲಿಮೀಟರಿನಷ್ಟೇ. ಒಂದಲ್ಲ, ಡೈನೋಸಾರ್‌ಗಳ ಏಳು ಗುಂಪುಗಳವು! ಹ್ಯಾಡ್ರೊಸಾರ್ (ಬಾತುಕೊಕ್ಕಿನ ಸಸ್ಯಾಹಾರಿ ಡೈನೋಸಾರ್) ಗುಂಪಿನ ಹೈಪಾಕ್ರೊಸಾರಸ್ ಮೊಟ್ಟೆಗೆ ಕಾವು ಸುಮಾರು 6 ತಿಂಗಳು. ವಸಂತದಲ್ಲಿ ಇಟ್ಟರೂ ಮರಿ ಹೊರಬರುವಾಗ ಧ್ರುವದ ಚಳಿಗಾಲದ ದೀರ್ಘ ಕತ್ತಲು ಹತ್ತಿರ. ಅಂಥ ಮರಿ ಸಾವಿರಾರು ಕಿಲೋಮೀಟರ್ ನಡೆಯುವುದೆಲ್ಲಿ? ಅಲ್ಲಿ ಶೀತರಕ್ತದ ಆಮೆ, ಮೊಸಳೆ, ಹಲ್ಲಿಗಳ ಪಳೆಯುಳಿಕೆ ಸಿಗದಿರುವುದೂ ಚಳಿಯ ದೊಡ್ಡ ಸಾಕ್ಷಿ.

ಅಲ್ಲಿನ ಪಳೆಯುಳಿಕೆ ಮೂಳೆಗಳನ್ನು ನೆಲದಿಂದ ತೆಗೆಯುವ ಬಗ್ಗೆಯೂ ಆ ಲೇಖನದವರು ಬರೆಯಬೇಕಿತ್ತು. ಹೆಪ್ಪುಗಟ್ಟಿದ ನೆಲದ ಮೂಳೆಯಲ್ಲಿ ನೀರಿರುತ್ತದೆ. ಬಿಸಿಲಿಗಿಟ್ಟು ಬೇಗ ಒಣಗಿಸಿದರೆ ಸೀಳುತ್ತದೆ. ಒದ್ದೆಯಿರುವಾಗಲೇ ಅಸಿಟೋನ್ ದ್ರಾವಕದಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 (ಮೂಳೆ ಗಟ್ಟಿಗೊಳಿಸುವ ಅಕ್ರಿಲಿಕ್ ಅಂಟು) ಹಚ್ಚಿದರೆ ಅಂಟು ಬೆಳ್ಳಗಾಗಿ ಮೇಲೆಯೇ ಪೊರೆಗಟ್ಟುತ್ತದೆ, ಒಳಗೆ ಇಳಿಯುವುದಿಲ್ಲ. ಒದ್ದೆ ಕಾಗದ ಸುತ್ತಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಆಮೇಲೆ ತೆಳುವಾಗಿ ಹಚ್ಚುವುದೇ ಸರಿ.