ಎಸಿಎಲ್ ಆಪರೇಷನ್ ಆಗಿ ನಾಲ್ಕೇ ತಿಂಗಳಿಗೆ ಆಟ? ಸ್ಪಷ್ಟನೆ

ಮಡಿಕೇರಿ, ವಿರಾಜಪೇಟೆ ಕಡೆಯ ಕಾಲೇಜು ಬಾಸ್ಕೆಟ್‌ಬಾಲ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಮಂಡಿಯ ಎಸಿಎಲ್ ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಊತ ಇಳಿದರೆ ಆಡಬಹುದು. ಅಲ್ಲಿಯವರೆಗೆ ಬೆಂಚಲ್ಲಿ ಕೂತವನಿಂದ ತಂಡಕ್ಕೆ ಉಪಯೋಗವಿಲ್ಲ." ಎರಡೂ ಮಾತು ತಪ್ಪು. (ಎಸಿಎಲ್ ಎಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ನಾರಿನ ಪಟ್ಟಿ; ಅದು ಹರಿದಾಗ ಆಪರೇಷನ್‌ನಲ್ಲಿ ಬೇರೆ ನಾರನ್ನು ಕಸಿ ಮಾಡುತ್ತಾರೆ.)

ಊತ ಇಳಿಯುವುದು ಬೇರೆ, ಹೊಸ ಲಿಗಮೆಂಟ್ ಗಟ್ಟಿಯಾಗುವುದು ಬೇರೆ. ಕಸಿ ಮಾಡಿದ ಭಾಗ ಮೊದಲ ತಿಂಗಳುಗಳಲ್ಲಿ ಇನ್ನಷ್ಟು ದುರ್ಬಲವಾಗಿ, ಆಮೇಲೆ ನಿಧಾನಕ್ಕೆ ಬಲಿಯುತ್ತದೆ. ನೋವಿಲ್ಲದ ಈ ಅವಧಿಯೇ ಮೋಸದ್ದು. 2016ರಲ್ಲಿ ಪ್ರಕಟವಾದ ಡೆಲವೇರ್-ಓಸ್ಲೊ ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು 51% ಇಳಿದದ್ದು ಕಂಡಿದೆ. ಬರೀ ತಿಂಗಳೆಣಿಸಿದರೆ ಸಾಲದು. ಒಂಟಿ ಕಾಲಿನ ಜಿಗಿತದಲ್ಲಿ ಸರಿಯಿರುವ ಕಾಲು 150 ಸೆಂ.ಮೀ. ಹೋದರೆ ಆಪರೇಷನ್ ಆದದ್ದು ಕನಿಷ್ಠ 135 ಹೋಗಬೇಕು. ತೊಡೆಯ ಮುಂಭಾಗದ ಸ್ನಾಯುಬಲವನ್ನು ಬೇರೆಯಾಗಿಯೇ ಅಳೆಯಬೇಕು. ಏಕೆಂದರೆ ಸೊಂಟ, ಪಾದದ ಕೀಲು ಸೇರಿಕೊಂಡು ಮಂಡಿಯ ಕೊರತೆಯನ್ನು ಜಿಗಿತದಲ್ಲಿ ಮುಚ್ಚಿಬಿಡುತ್ತವೆ. (ಮಳೆಗಾಲದಲ್ಲಿ ಪಾಚಿ ಹಿಡಿದ ನಮ್ಮ ಸಿಮೆಂಟ್ ಕೋರ್ಟಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ.)

ಇನ್ನು ಬೆಂಚಿನ ವಿಷಯ. ಒಂದು ಕ್ವಾರ್ಟರಿನಲ್ಲಿ ತಂಡದ ಫೌಲ್ 4 ದಾಟಿದರೆ, ಶೂಟ್ ಮಾಡದವನ ಮೇಲೆ ಫೌಲ್ ಮಾಡಿದರೂ ಸಾಮಾನ್ಯವಾಗಿ ಎದುರಾಳಿಗೆ 2 ಫ್ರೀ ಥ್ರೋ (ಯಾರೂ ತಡೆಯದ ಎಸೆತ). ಈ ಲೆಕ್ಕವನ್ನೂ ಒಬ್ಬೊಬ್ಬ ಆಟಗಾರನ ಫೌಲ್ ಲೆಕ್ಕವನ್ನೂ ಇಟ್ಟು, "ಸರ್, ಇವನಿಗೆ ನಾಲ್ಕಾಯ್ತು, ಇನ್ನೊಂದಾದರೆ ಹೊರಗೆ" ಎಂದು ಕೋಚ್‌ಗೆ ಹೇಳಲು, ಸ್ಕ್ರೀನ್ (ನಮ್ಮವನ ದಾರಿಗೆ ಎದುರಾಳಿ ಅಡ್ಡ ನಿಲ್ಲುವುದು) ಯಾವ ಕಡೆಯಿಂದ ಬರುತ್ತಿದೆ ಎಂದು ಕೂಗಲು ಆಟ ಬಲ್ಲವನೇ ಬೇಕು.

ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಮಾಡಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ. ಆಡುವ ದಿನ ಹೇಳಬೇಕಾದವರು ಸರ್ಜನ್ ಮತ್ತು ಫಿಸಿಯೋ.